ಹಣ ಕರಗಿತು, ಕಾಗದ ಉಳಿಯಿತು

ಅಮೆರಿಕದಲ್ಲಿ ರಾಜ್ಯದ ಅಟಾರ್ನಿ ಜನರಲ್ ಆದವರನ್ನು ಅಳೆಯುವ ರೂಢಿಯ ಕ್ರಮವೊಂದಿದೆ. ಆ ಹುದ್ದೆಯಿಂದ ಅವರು ಮುಂದೆ ಎಲ್ಲಿಗೆ ಹೋದರು ಎಂದು ನೋಡುವುದು. ಬಿಲ್ ಕ್ಲಿಂಟನ್ 1977ರಿಂದ ಎರಡು ವರ್ಷ ಅರ್ಕಾನ್ಸಾದ ಅಟಾರ್ನಿ ಜನರಲ್ ಆಗಿದ್ದು ಅಲ್ಲಿಂದ ಗವರ್ನರ್ ಗಾದಿಗೆ, ಕೊನೆಗೆ ಶ್ವೇತಭವನಕ್ಕೆ ನಡೆದರು. ಕಮಲಾ ಹ್ಯಾರಿಸ್ ಕ್ಯಾಲಿಫೋರ್ನಿಯಾದಲ್ಲಿ ಆ ಕುರ್ಚಿಯಿಂದ ಸೆನೆಟ್‌ಗೆ, ಸೆನೆಟ್‌ನಿಂದ ಉಪಾಧ್ಯಕ್ಷ ಪದವಿಗೆ ಏರಿದರು. ನ್ಯೂಯಾರ್ಕಿನ ಎಲಿಯಟ್ ಸ್ಪಿಟ್ಜರ್ ವಾಲ್ ಸ್ಟ್ರೀಟಿನ ದೊಡ್ಡ ಸಂಸ್ಥೆಗಳ ಬೆನ್ನುಹತ್ತಿ ಹೆಸರು ಮಾಡಿ, 2007ರಲ್ಲಿ ಗವರ್ನರ್ ಆಗಿ, ಮರುವರ್ಷವೇ ಹಗರಣದಲ್ಲಿ ಸಿಲುಕಿ ಹೊರಬಿದ್ದರು. ಏರಿದವರ ಕಥೆಯಾಗಲಿ ಬಿದ್ದವರ ಕಥೆಯಾಗಲಿ, ಹೇಳುವವರ ಕಣ್ಣು ಮುಂದಿನ ಮೆಟ್ಟಿಲ ಮೇಲೆಯೇ ಇರುತ್ತದೆ. ಆ ಹುದ್ದೆಯಲ್ಲಿದ್ದಾಗ ಮಾಡಿದ ಕೆಲಸ ಎಷ್ಟು ಕಾಲ ನಿಂತಿತು ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನು ಕೇಳಲು ಮಿಸಿಸಿಪ್ಪಿ ರಾಜ್ಯದ ಮೈಕ್ ಮೂರ್ ಅವರಿಗಿಂತ ತಕ್ಕ ವ್ಯಕ್ತಿ ಸಿಗುವುದಿಲ್ಲ. ಅವರು 1988ರಿಂದ 2004ರವರೆಗೆ, ನಾಲ್ಕು ಅವಧಿಗೆ ಅಟಾರ್ನಿ ಜನರಲ್ ಆಗಿದ್ದರು. ಗವರ್ನರ್ ಆಗಲಿಲ್ಲ, ಸೆನೆಟರ್ ಆಗಲಿಲ್ಲ. ಮೆಟ್ಟಿಲ ಲೆಕ್ಕದಲ್ಲಿ ಅವರ ಬಾಳು ನಿಂತಲ್ಲೇ ನಿಂತಿತು. ಆದರೆ ಅಮೆರಿಕದ ಸಿಗರೇಟ್ ಉದ್ಯಮವನ್ನು ಮೊದಲ ಬಾರಿಗೆ ಮಣಿಸಿದ ದಾವೆ ಹೊರಟದ್ದು ಅವರ ಕಚೇರಿಯಿಂದ. ಆ ದಾವೆ ಏನನ್ನು ಉಳಿಸಿತು, ಏನನ್ನು ಕಳೆಯಿತು ಎಂದು ನೋಡಿದರೆ ಆ ಹುದ್ದೆಯ ಬಲವೂ ಮಿತಿಯೂ ಒಟ್ಟಿಗೇ ಕಾಣುತ್ತವೆ.

ನಮ್ಮ ಓದುಗರಿಗೆ ಈ ಹುದ್ದೆಯ ಸ್ವರೂಪವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕರ್ನಾಟಕದ ಅಡ್ವೊಕೇಟ್ ಜನರಲ್ ಅವರನ್ನು ಸಂವಿಧಾನದ 165ನೆಯ ವಿಧಿಯಂತೆ ರಾಜ್ಯಪಾಲರು ನೇಮಿಸುತ್ತಾರೆ. ವಾಸ್ತವದಲ್ಲಿ ಅದು ಅಧಿಕಾರದಲ್ಲಿರುವ ಸರ್ಕಾರದ ಆಯ್ಕೆ. ಸರ್ಕಾರ ಬದಲಾದರೆ ಅವರೂ ಬದಲಾಗುತ್ತಾರೆ, ಸರ್ಕಾರ ಹೇಳಿದ ಮೊಕದ್ದಮೆಯನ್ನು ನಡೆಸುತ್ತಾರೆ. ಅಮೆರಿಕದ 50 ರಾಜ್ಯಗಳ ಪೈಕಿ 43ರಲ್ಲಿ ಅಟಾರ್ನಿ ಜನರಲ್ ಮತದಾರರಿಂದ ನೇರವಾಗಿ ಚುನಾಯಿತರಾಗುತ್ತಾರೆ. ಗವರ್ನರ್ ಒಂದು ಪಕ್ಷದವರು, ಅಟಾರ್ನಿ ಜನರಲ್ ಇನ್ನೊಂದು ಪಕ್ಷದವರು ಎಂಬ ಸ್ಥಿತಿ ಅಲ್ಲಿ ಹೊಸದೇನಲ್ಲ. ಗವರ್ನರ್‌ಗೆ ಅವರನ್ನು ಕಿತ್ತುಹಾಕುವ ಅಧಿಕಾರವಿಲ್ಲ. ರಾಜ್ಯದ ಹೆಸರಿನಲ್ಲಿ ಯಾರ ಮೇಲೆ ದಾವೆ ಹೂಡಬೇಕು, ಯಾರೊಡನೆ ರಾಜಿಯಾಗಬೇಕು ಎಂಬುದನ್ನು ಬಹುಮಟ್ಟಿಗೆ ಅವರೇ ತೀರ್ಮಾನಿಸುತ್ತಾರೆ. ವಕೀಲರೊಬ್ಬರಿಗೆ ಜನಾದೇಶವೂ ಸಿಕ್ಕಿದರೆ ಏನಾಗುತ್ತದೆ ಎಂಬುದರ ಪ್ರಯೋಗ ಇದು. ಮೂರ್ ಅವರ ದಾವೆ ನಡೆದದ್ದೂ ಈ ಸ್ವಾತಂತ್ರ್ಯ ಇದ್ದುದರಿಂದಲೇ. ಮಿಸಿಸಿಪ್ಪಿಯಲ್ಲಿ ನಮ್ಮಲ್ಲಿನ ವ್ಯವಸ್ಥೆ ಇದ್ದಿದ್ದರೆ ಅದು ಕಡತದಲ್ಲೇ ಸಾಯುತ್ತಿತ್ತು.

1952ರಲ್ಲಿ ಗಲ್ಫ್ ಕರಾವಳಿಯ ಪ್ಯಾಸ್ಕಗೂಲಾದಲ್ಲಿ ಹುಟ್ಟಿದ ಮೂರ್, ಮೊದಲು ತಮ್ಮ ಜ್ಯಾಕ್ಸನ್ ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿಯಾಗಿ ಸ್ಥಳೀಯ ಆಡಳಿತದ ಭ್ರಷ್ಟರ ಮೇಲೆ ಮೊಕದ್ದಮೆ ನಡೆಸಿ ಹೆಸರು ಗಳಿಸಿದವರು. 35ನೆಯ ವಯಸ್ಸಿಗೆ ರಾಜ್ಯದ ಅಟಾರ್ನಿ ಜನರಲ್ ಆದರು. ಮಹತ್ವಾಕಾಂಕ್ಷೆ ಇಲ್ಲದ ಸಂತರೇನೂ ಅವರಲ್ಲ. 1989ರಲ್ಲಿ ಕಾಂಗ್ರೆಸ್ಸಿನ ಉಪಚುನಾವಣೆಗೆ ನಿಂತು ಸೋತರು. ನಾಲ್ಕು ವರ್ಷಗಳ ನಂತರ, ಕಾನೂನು ಓದುವಾಗಿನ ಗೆಳೆಯ, ಕ್ಲಾರ್ಕ್ಸ್‌ಡೇಲ್ ಊರಿನ ವಕೀಲ ಮೈಕ್ ಲೂಯಿಸ್ ಒಂದು ವಾದವನ್ನು ಅವರ ಮುಂದಿಟ್ಟರು. ಅಲ್ಲಿಯವರೆಗೆ ಸಿಗರೇಟ್ ಕಂಪನಿಗಳ ಮೇಲೆ ದಾವೆ ಹೂಡಿದವರು ಕಾಯಿಲೆ ಬಿದ್ದವರು, ಇಲ್ಲವೇ ಅವರ ಮನೆಯವರು. ಕಂಪನಿಗಳು ಪ್ರತಿ ಬಾರಿಯೂ ಒಂದೇ ಉತ್ತರ ಕೊಡುತ್ತಿದ್ದವು: ಅಪಾಯ ಗೊತ್ತಿದ್ದೂ ಸೇದಿದವರು ನೀವು, ತಪ್ಪು ನಿಮ್ಮದು. 1950ರ ದಶಕದಿಂದ ಈ ಉತ್ತರದ ಬಲದಿಂದಲೇ ಅವು ಪರಿಹಾರವೆಂದು ಒಂದು ಡಾಲರನ್ನೂ ಬಿಚ್ಚಿರಲಿಲ್ಲ. ಲೂಯಿಸ್ ಅವರ ವಾದ ಈ ಉತ್ತರಕ್ಕೆ ಜಾಗವನ್ನೇ ಕೊಡಲಿಲ್ಲ. ಸರ್ಕಾರ ಸಿಗರೇಟ್ ಸೇದಿಲ್ಲ. ಆದರೆ ಶ್ವಾಸಕೋಶದ ಕ್ಯಾನ್ಸರ್ ತಗುಲಿದ ಬಡವರ ಆಸ್ಪತ್ರೆ ಬಿಲ್ಲನ್ನು ಮೆಡಿಕೇಡ್ ಯೋಜನೆಯಲ್ಲಿ ಸರ್ಕಾರ ತೆರುತ್ತಿದೆ. ಹಾನಿ ಮಾಡಿದವರು ಲಾಭ ಉಣ್ಣುತ್ತಿರುವಾಗ ಬಿಲ್ಲು ಮಾತ್ರ ತೆರಿಗೆದಾರರ ತಲೆಗೇಕೆ? ಮೂರ್ ಈ ವಾದವನ್ನು ಹಿಡಿದು 1994ರ ಮೇ 23ರಂದು ತಮ್ಮ ಹುಟ್ಟೂರಿನ ಚಾನ್ಸರಿ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಆ ನ್ಯಾಯಾಲಯವನ್ನು ಆರಿಸಿದ್ದರಲ್ಲೂ ಜಾಣತನವಿತ್ತು. ಅಲ್ಲಿ ಜ್ಯೂರಿ ಇರುವುದಿಲ್ಲ, ನ್ಯಾಯಾಧೀಶರೊಬ್ಬರೇ ನ್ಯಾಯಸಮ್ಮತವಾದುದೇನು ಎಂದು ತೀರ್ಮಾನಿಸುತ್ತಾರೆ. ಅದಕ್ಕೆ ಐದು ವಾರ ಮುಂಚೆ ಏಪ್ರಿಲ್ 14ರಂದು, ಏಳು ತಂಬಾಕು ಕಂಪನಿಗಳ ಮುಖ್ಯಸ್ಥರು ಕಾಂಗ್ರೆಸ್ಸಿನ ಸಮಿತಿಯ ಮುಂದೆ ಸಾಲಾಗಿ ನಿಂತು ಪ್ರಮಾಣ ಮಾಡಿ, ನಿಕೋಟಿನ್ ಚಟ ಹಿಡಿಸುವಂಥದ್ದೆಂದು ತಾವು ನಂಬುವುದಿಲ್ಲ ಎಂದು ಒಬ್ಬೊಬ್ಬರಾಗಿ ಹೇಳಿದ್ದರು.

ಆ ಮಾತು ಸುಳ್ಳೆಂಬುದಕ್ಕೆ ಸಾಕ್ಷಿ ಕಂಪನಿಯ ಬೀರುವಿನಲ್ಲೇ ಇತ್ತು. ಬ್ರೌನ್ ಅಂಡ್ ವಿಲಿಯಮ್ಸನ್ ಕಂಪನಿಯ ಕಾಗದಪತ್ರಗಳನ್ನು ವಿಂಗಡಿಸುವ ಕೆಲಸಕ್ಕಿದ್ದ ಮೆರಿಲ್ ವಿಲಿಯಮ್ಸ್ ಎಂಬವರು ಸಾವಿರಾರು ಪುಟಗಳನ್ನು ಗುಟ್ಟಾಗಿ ನಕಲು ಮಾಡಿ ಹೊರತಂದಿದ್ದರು. ಅವು ಮೂರ್ ಅವರ ಸಹ ವಕೀಲ ಡಿಕಿ ಸ್ಕ್ರಗ್ಸ್ ಅವರ ಕೈಸೇರಿ, ಅಲ್ಲಿಂದ ವಾಷಿಂಗ್ಟನ್ನಿನ ಕಾಂಗ್ರೆಸ್ ಸಮಿತಿಗೆ ಹೋದವು. ಅವುಗಳಲ್ಲೊಂದು 1963ರ ಜುಲೈನಲ್ಲಿ ಕಂಪನಿಯ ಕಾನೂನು ಸಲಹೆಗಾರ ಆಡಿಸನ್ ಯೀಮನ್ ಬರೆದ ಒಳ ಟಿಪ್ಪಣಿ. ನಿಕೋಟಿನ್ ಚಟ ಹಿಡಿಸುತ್ತದೆ, ಆದ್ದರಿಂದ ನಾವು ಮಾಡುತ್ತಿರುವುದು ಚಟದ ಮದ್ದನ್ನು ಮಾರುವ ವ್ಯಾಪಾರ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಧೂಮಪಾನದ ಹಾನಿ ಕುರಿತ ಅಮೆರಿಕದ ಸರ್ಜನ್ ಜನರಲ್ ವರದಿ ಹೊರಬಂದದ್ದು 1964ರ ಜನವರಿಯಲ್ಲಿ. ಅದಕ್ಕೂ ಆರು ತಿಂಗಳು ಮುಂಚೆಯೇ ಕಂಪನಿಗೆ ಸಂಗತಿ ಗೊತ್ತಿತ್ತು, ಮೂವತ್ತು ವರ್ಷವಾದ ಮೇಲೂ ಅದರ ಮುಖ್ಯಸ್ಥರು ಪ್ರಮಾಣ ಮಾಡಿ ಅಲ್ಲಗಳೆದರು. 1995ರ ನವೆಂಬರ್ 29ರಂದು ಪ್ಯಾಸ್ಕಗೂಲಾದಲ್ಲಿ ಇದೇ ಕಂಪನಿಯ ಮಾಜಿ ಸಂಶೋಧನಾ ಮುಖ್ಯಸ್ಥ ಜೆಫ್ರಿ ವೈಗಂಡ್ ಸಾಕ್ಷ್ಯ ನುಡಿದರು. ಬಾಯಿ ಬಿಡಕೂಡದೆಂದು ಕೆಂಟಕಿಯ ನ್ಯಾಯಾಲಯದ ಆದೇಶ ಅವರ ಮೇಲಿತ್ತು. ಸಾಕ್ಷ್ಯ ನುಡಿದು ಊರಿಗೆ ಮರಳಿದರೆ ಜೈಲು ಸೇರುವ ಭಯವಿತ್ತು. ಆದರೂ ನುಡಿದರು. ಕಂಪನಿಯ ವಕೀಲರ ಆಕ್ಷೇಪಣೆಗಳ ನಡುವೆಯೇ, ಚಟದ ವಿಷಯ ಒಳಗೆ ಎಲ್ಲರಿಗೂ ತಿಳಿದಿತ್ತು, ಸಂಶೋಧನೆಯ ಕಾಗದಗಳನ್ನು ವಕೀಲರು ತಿದ್ದುತ್ತಿದ್ದರು ಎಂದು ಹೇಳಿದರು. 1999ರ ‘ದಿ ಇನ್‌ಸೈಡರ್’ ಚಿತ್ರಕ್ಕೆ ಈ ಪ್ರಸಂಗವೇ ವಸ್ತು. ಅದರಲ್ಲಿ ಮೂರ್ ತಮ್ಮ ಪಾತ್ರವನ್ನು ತಾವೇ ಮಾಡಿದ್ದಾರೆ. ದಾವೆಯ ಇಡೀ ಇತಿಹಾಸದಲ್ಲಿ ಈ ಎರಡು ಘಟನೆಗಳ ಬಳಿ ನಾನು ಹೆಚ್ಚು ಹೊತ್ತು ನಿಲ್ಲಲು ಕಾರಣವಿದೆ. ಮುಂದೆ ಬಂದ ಸಾವಿರಾರು ಕೋಟಿ ಡಾಲರ್‌ಗಳಿಗಿಂತ ಹೆಚ್ಚು ಕಾಲ ಬಾಳಿದ್ದು ಈ ಕಾಗದಗಳು ಮತ್ತು ಈ ಮಾತುಗಳು.

ದಾವೆಗೆ ಮೊದಲ ಅಡ್ಡಿ ಬಂದದ್ದು ರಾಜ್ಯ ಸರ್ಕಾರದ ಒಳಗಿನಿಂದಲೇ. ರಿಪಬ್ಲಿಕನ್ ಪಕ್ಷದ ಗವರ್ನರ್ ಕರ್ಕ್ ಫೋರ್ಡಿಸ್, ಮೆಡಿಕೇಡ್ ಇಲಾಖೆ ತನ್ನ ಅಧೀನದಲ್ಲಿದೆ, ಅದರ ಹೆಸರಿನಲ್ಲಿ ದಾವೆ ಹೂಡಲು ಅಟಾರ್ನಿ ಜನರಲ್‌ಗೆ ಅಧಿಕಾರವಿಲ್ಲ ಎಂದು 1996ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಮರುವರ್ಷ ಕೋರ್ಟು ಅದನ್ನು ತಳ್ಳಿಹಾಕಿತು. ಆ ವೇಳೆಗೆ ಇತರ ರಾಜ್ಯಗಳೂ ಒಂದೊಂದಾಗಿ ಕಣಕ್ಕಿಳಿದಿದ್ದವು. ಕಂಪನಿಗಳಲ್ಲಿ ಚಿಕ್ಕದಾದ ಲಿಗೆಟ್ 1996ರಲ್ಲಿ ಕೆಲವು ರಾಜ್ಯಗಳೊಡನೆ ರಾಜಿಯಾಗಿ, 1997ರಲ್ಲಿ ನಿಕೋಟಿನ್ ಚಟ ಹಿಡಿಸುತ್ತದೆಂದು ಬಹಿರಂಗವಾಗಿ ಒಪ್ಪಿಕೊಂಡಿತು. 1997ರ ಜುಲೈ ಮೊದಲ ವಾರ, ವಿಚಾರಣೆ ಇನ್ನೇನು ಶುರುವಾಗಬೇಕು ಎನ್ನುವಾಗ, ದೊಡ್ಡ ಕಂಪನಿಗಳು ಮಿಸಿಸಿಪ್ಪಿಯೊಡನೆ 300 ಕೋಟಿ ಡಾಲರ್‌ಗೂ ಹೆಚ್ಚಿನ ಮೊತ್ತಕ್ಕೆ ರಾಜಿ ಮಾಡಿಕೊಂಡವು. ಫ್ಲಾರಿಡಾ, ಟೆಕ್ಸಾಸ್, ಮಿನೆಸೋಟ ಹಿಂದೆಯೇ ಬಂದವು. 1998ರ ನವೆಂಬರ್ 23ರಂದು ಉಳಿದ 46 ರಾಜ್ಯಗಳೂ ಸೇರಿ 25 ವರ್ಷಗಳಲ್ಲಿ 20,600 ಕೋಟಿ ಡಾಲರ್ ಪಡೆಯುವ ಮಹಾ ಒಪ್ಪಂದಕ್ಕೆ ಸಹಿ ಹಾಕಿದವು. ಅಮೆರಿಕದ ಇತಿಹಾಸದಲ್ಲಿ ಅಷ್ಟು ದೊಡ್ಡ ಸಿವಿಲ್ ರಾಜಿ ಅದುವರೆಗೆ ಆಗಿರಲಿಲ್ಲ.

ಆ ಹಣ ಏನಾಯಿತು ಎಂದು ನೋಡಿದರೆ ಮನಸ್ಸು ಕಹಿಯಾಗುತ್ತದೆ. ದಾವೆಯ ಇಡೀ ತರ್ಕ ನಿಂತದ್ದು ಆರೋಗ್ಯದ ವೆಚ್ಚದ ಮೇಲೆ. ಆದರೆ ಮಹಾ ಒಪ್ಪಂದದಲ್ಲಿ, ಬಂದ ಹಣವನ್ನು ಆರೋಗ್ಯಕ್ಕೇ ಖರ್ಚು ಮಾಡಬೇಕೆಂಬ ಕಟ್ಟುಪಾಡು ರಾಜ್ಯಗಳ ಮೇಲೆ ಇರಲಿಲ್ಲ. 1999ರಲ್ಲಿ ಕಾಂಗ್ರೆಸ್ಸು ಮೆಡಿಕೇಡ್‌ನ ಕೇಂದ್ರದ ಪಾಲನ್ನು ಕೇಳದೆ ಬಿಟ್ಟುಕೊಡುವಾಗಲೂ ಯಾವ ಷರತ್ತನ್ನೂ ಹಾಕಲಿಲ್ಲ. ಪರಿಣಾಮವಾಗಿ ಹಣ ರಾಜ್ಯಗಳ ಸಾಮಾನ್ಯ ಖಜಾನೆಗೆ ಹರಿಯಿತು. ಕೆಲವು ರಾಜ್ಯಗಳು ಮುಂದಿನ ವರ್ಷಗಳ ಕಂತನ್ನು ಇಂದೇ ಅಡವಿಟ್ಟು ಬಾಂಡ್ ಮಾರಿ ಬಜೆಟ್ಟಿನ ಕೊರತೆ ಮುಚ್ಚಿಕೊಂಡವು. ತಂಬಾಕು ಬಿಡಿಸುವ, ಎಳೆಯರನ್ನು ಅದರಿಂದ ದೂರವಿಡುವ ಕಾರ್ಯಕ್ರಮಗಳಿಗೆ ರಾಜ್ಯಗಳು ಕೊಡುತ್ತಾ ಬಂದದ್ದು ತಂಬಾಕಿನಿಂದ ಬರುವ ತೆರಿಗೆ ಮತ್ತು ರಾಜಿ ಹಣದ ಒಂದು ಸಣ್ಣ ಚೂರು, ಶೇಕಡಾ 3ಕ್ಕಿಂತಲೂ ಕಡಿಮೆ. ಮೂರ್ ಅವರ ಸ್ವಂತ ರಾಜ್ಯದಲ್ಲೇ ನಡೆದುದು ಇನ್ನೂ ನೋವಿನದು. ಮಿಸಿಸಿಪ್ಪಿಯ ಶಾಸನಸಭೆ 1999ರಲ್ಲಿ ಆರೋಗ್ಯ ನಿಧಿಯೊಂದನ್ನು ಸ್ಥಾಪಿಸಿ, ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಬಳಸುವುದಾಗಿ ಹೇಳಿತು. ಕೆಲವೇ ವರ್ಷಗಳಲ್ಲಿ ಅಸಲಿಗೇ ಕೈಹಾಕಿ ಬಜೆಟ್ಟಿನ ತೂತು ಮುಚ್ಚತೊಡಗಿತು. ಶಾಸನಸಭೆಯನ್ನು ಪೂರ್ತಿ ನಂಬದ ಮೂರ್, ತಂಬಾಕು ತಡೆಯ ಕಾರ್ಯಕ್ರಮ ನಡೆಸುವ ಸಂಸ್ಥೆಯೊಂದಕ್ಕೆ ವರ್ಷಕ್ಕೆ 2 ಕೋಟಿ ಡಾಲರ್ ನೇರವಾಗಿ ಸಲ್ಲುವಂತೆ 2000ದಲ್ಲಿ ನ್ಯಾಯಾಲಯದ ಆದೇಶ ಪಡೆದಿದ್ದರು. ಅವರು ಹುದ್ದೆ ಬಿಟ್ಟ ಮೇಲೆ, ಹಿಂದೆ ತಂಬಾಕು ಕಂಪನಿಗಳ ಪರ ಲಾಬಿ ನಡೆಸಿದ್ದ ಹೇಲಿ ಬಾರ್ಬರ್ ಗವರ್ನರ್ ಆಗಿ ಆ ಆದೇಶವನ್ನು ಪ್ರಶ್ನಿಸಿದರು. ಸರ್ಕಾರದ ಹಣವನ್ನು ಹಂಚುವುದು ಶಾಸನಸಭೆಯ ಕೆಲಸ, ನ್ಯಾಯಾಲಯದ್ದಲ್ಲ ಎಂಬ ಕಾರಣಕ್ಕೆ 2006ರಲ್ಲಿ ಆದೇಶ ಬಿದ್ದುಹೋಯಿತು. ಕಾನೂನಿನ ದೃಷ್ಟಿಯಿಂದ ಆ ತೀರ್ಪನ್ನು ತಪ್ಪೆನ್ನಲಾಗದು. ಅದಕ್ಕೇ ಅದು ಹೆಚ್ಚು ಪಾಠ ಕಲಿಸುತ್ತದೆ. ಅಟಾರ್ನಿ ಜನರಲ್ ಎದುರು ಪಕ್ಷದ ಕಂಪನಿಯನ್ನು ಕಟ್ಟಿಹಾಕಬಲ್ಲರು, ತಮ್ಮದೇ ರಾಜ್ಯದ ಶಾಸನಸಭೆಯನ್ನು ಕಟ್ಟಿಹಾಕಲಾರರು. ದಾವೆ ಹೂಡಿದ ಈ ರಾಜ್ಯವೇ 2009ರವರೆಗೆ ಸಿಗರೇಟ್ ಪ್ಯಾಕಿನ ಮೇಲೆ ಕೇವಲ 18 ಸೆಂಟ್ ತೆರಿಗೆ ಹಾಕುತ್ತಿತ್ತು.

ಇದನ್ನೆಲ್ಲ ನೋಡಿ ದಾವೆಯೇ ವ್ಯರ್ಥ ಎನ್ನುವವರಿದ್ದಾರೆ. ಅವರು ಹಣವನ್ನಷ್ಟೇ ಎಣಿಸಿದ್ದಾರೆ. ಒಪ್ಪಂದದಲ್ಲಿ ಹಣದ ಜೊತೆಗೆ ನಡವಳಿಕೆಯ ಕಟ್ಟಳೆಗಳಿದ್ದವು, ಅವು ಯಾವ ಶಾಸನಸಭೆಯ ಕೈಗೂ ಸಿಗುವಂಥವಲ್ಲ. ಮಕ್ಕಳನ್ನು ಸೆಳೆಯುವ ಕಾರ್ಟೂನ್ ಜಾಹೀರಾತು ನಿಂತಿತು. ರಸ್ತೆ ಬದಿಯ ದೊಡ್ಡ ಫಲಕಗಳು ಇಳಿದವು. ಬಸ್ಸು ರೈಲುಗಳ ಮೇಲಿನ ಜಾಹೀರಾತು, ಬ್ರಾಂಡ್ ಹೆಸರಿನ ಟೀ ಶರ್ಟು ಟೋಪಿಗಳು, ಸಿನಿಮಾಗಳಲ್ಲಿ ಸಿಗರೇಟ್ ತೋರಿಸಲು ಹಣ ಕೊಡುವುದು ಎಲ್ಲಕ್ಕೂ ತಡೆ ಬಿತ್ತು. ಉದ್ಯಮದ ಪರವಾಗಿ ದಶಕಗಳ ಕಾಲ ಸುಳ್ಳು ಹರಡಿದ ಟೊಬ್ಯಾಕೊ ಇನ್‌ಸ್ಟಿಟ್ಯೂಟ್ ಮುಚ್ಚಿತು. ಕಂಪನಿಗಳು ತಾವು ತೆರಬೇಕಾದ ಹಣವನ್ನು ಗಿರಾಕಿಗಳಿಂದಲೇ ವಸೂಲಿ ಮಾಡಲು ಒಪ್ಪಂದದ ಬೆನ್ನಲ್ಲೇ ಪ್ಯಾಕಿಗೆ 45 ಸೆಂಟ್ ಬೆಲೆ ಏರಿಸಿದವು. ಕೈಯಲ್ಲಿ ಕಾಸು ಕಡಿಮೆ ಇರುವ ಹದಿಹರೆಯದವರಿಗೆ ಈ ಏರಿಕೆ ಎಲ್ಲ ಉಪದೇಶಕ್ಕಿಂತ ಚೆನ್ನಾಗಿ ನಾಟಿತು. 1997ರಲ್ಲಿ ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಶೇಕಡಾ 36.4ರಷ್ಟು ಮಂದಿ ಸಿಗರೇಟ್ ಸೇದುತ್ತಿದ್ದರು. 2017ರ ಹೊತ್ತಿಗೆ ಅದು ಶೇಕಡಾ 8.8ಕ್ಕೆ ಇಳಿದಿತ್ತು. ಇಷ್ಟೂ ಇಳಿತದ ಕೀರ್ತಿ ದಾವೆಗೇ ಸಲ್ಲಬೇಕೆಂದರೆ ಅದು ಅತಿಯಾದೀತು. ತೆರಿಗೆ ಏರಿಕೆ, ಹೋಟೆಲು ಕಚೇರಿಗಳಲ್ಲಿ ಧೂಮಪಾನದ ನಿಷೇಧ, ಆಮೇಲೆ ಬಂದ ಇ-ಸಿಗರೇಟು ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಆ ನಿಷೇಧಗಳಿಗೆ, ಆ ತೆರಿಗೆಗಳಿಗೆ ಜನ ಒಪ್ಪುವಂಥ ವಾತಾವರಣ ಎಲ್ಲಿಂದ ಬಂತು ಎಂದು ಕೇಳಿದರೆ ಮತ್ತೆ ಆ ಕಾಗದಗಳ ಬಳಿಗೇ ಬರಬೇಕಾಗುತ್ತದೆ. ಕಂಪನಿಗಳು ಗೊತ್ತಿದ್ದೂ ಸುಳ್ಳು ಹೇಳಿದವು ಎಂಬುದು 1994ಕ್ಕೆ ಮುಂಚೆ ಆರೋಪವಾಗಿತ್ತು, 1998ರ ನಂತರ ಅದು ದಾಖಲೆಯಾಯಿತು.

ಇಲ್ಲಿ ಮೂರ್ ಅವರ ಜೊತೆಗೆ ಇನ್ನೊಬ್ಬ ಅಟಾರ್ನಿ ಜನರಲ್ ಹೆಸರು ಹೇಳದಿದ್ದರೆ ಅನ್ಯಾಯವಾಗುತ್ತದೆ. 1997ರ ಜೂನ್‌ನಲ್ಲಿ ಮೂರ್ ಮುಂದಾಳುತನದಲ್ಲಿ ಕಂಪನಿಗಳೊಡನೆ ರಾಷ್ಟ್ರಮಟ್ಟದ ಒಪ್ಪಂದದ ಕರಡೊಂದು ಸಿದ್ಧವಾಗಿತ್ತು. 36,850 ಕೋಟಿ ಡಾಲರ್ ಮೊತ್ತ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಗೆ ಸಿಗರೇಟಿನ ಮೇಲೆ ಅಧಿಕಾರ ಎಲ್ಲವೂ ಅದರಲ್ಲಿದ್ದವು. ಪ್ರತಿಯಾಗಿ, ಮುಂದೆ ಸಾಮೂಹಿಕ ದಾವೆಗಳಿಂದ ಮತ್ತು ದಂಡರೂಪದ ಪರಿಹಾರದಿಂದ ಕಂಪನಿಗಳಿಗೆ ರಕ್ಷಣೆ ಸಿಗಬೇಕಿತ್ತು. ಮಿನೆಸೋಟದ ಹ್ಯೂಬರ್ಟ್ ಹಂಫ್ರಿ III ಇದಕ್ಕೆ ಒಪ್ಪಲಿಲ್ಲ. ಕಾಂಗ್ರೆಸ್ಸಿನ ಒಪ್ಪಿಗೆ ಬೇಕಾಗಿದ್ದ ಆ ಕರಡು 1998ರ ಜೂನ್‌ನಲ್ಲಿ ಸೆನೆಟ್‌ನಲ್ಲಿ ಸತ್ತಿತು. ಮೂರ್ ಅವರ ಇಡೀ ವೃತ್ತಿಯಲ್ಲಿ ಇದು ಅತ್ಯಂತ ದೊಡ್ಡ ತಪ್ಪು ಲೆಕ್ಕವೆಂದು ನಾನು ತಿಳಿಯುತ್ತೇನೆ. ದೊಡ್ಡ ಮೊತ್ತವನ್ನು ನೋಡಿ ಅವರು ಮುಂದಿನ ತಲೆಮಾರಿನ ರೋಗಿಗಳ ಹಕ್ಕನ್ನು ಬಿಟ್ಟುಕೊಡಲು ಸಿದ್ಧರಾಗಿದ್ದರು. ಹಂಫ್ರಿ ವಿಚಾರಣೆಯನ್ನು ನಡೆಸಿಯೇ ತೀರಿದರು. 1998ರ ಜನವರಿಯಲ್ಲಿ ಶುರುವಾದ ವಿಚಾರಣೆ ಮೇ 8ರಂದು, ಜ್ಯೂರಿ ತೀರ್ಪಿಗೆ ಕೂರುವ ಹೊತ್ತಿಗೆ ರಾಜಿಯಲ್ಲಿ ಮುಗಿಯಿತು. ಆದರೆ ಕಂಪನಿಗಳ ಕೋಟ್ಯಂತರ ಪುಟಗಳ ಒಳ ದಾಖಲೆಗಳನ್ನು ಸಾರ್ವಜನಿಕರಿಗೆ ತೆರೆದಿಡಬೇಕೆಂಬ ಷರತ್ತು ಅದರಲ್ಲಿತ್ತು. ಮಿನಿಯಾಪೊಲಿಸ್‌ನಲ್ಲಿ ಒಂದು, ಇಂಗ್ಲೆಂಡಿನ ಗಿಲ್ಫರ್ಡಿನಲ್ಲಿ ಇನ್ನೊಂದು ದಾಖಲೆ ಸಂಗ್ರಹ ತೆರೆದವು. ಗಿಲ್ಫರ್ಡಿನದು ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕಂಪನಿಯ ಕಾಗದಗಳದು. ಆ ಕಂಪನಿ ಆಗ ಬ್ರೌನ್ ಅಂಡ್ ವಿಲಿಯಮ್ಸನ್‌ನ ಒಡೆಯ ಸಂಸ್ಥೆಯಾಗಿತ್ತು, ಬೆಂಗಳೂರಿನಲ್ಲಿ ಕಾರ್ಖಾನೆ ನಡೆಸುವ, ಹುಣಸೂರು ಪಿರಿಯಾಪಟ್ಟಣದ ತಂಬಾಕು ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಐಟಿಸಿಯ ದೊಡ್ಡ ಷೇರುದಾರ. ಅದೇ ವರ್ಷ ನವೆಂಬರಿನಲ್ಲಿ ಹಂಫ್ರಿ ಗವರ್ನರ್ ಹುದ್ದೆಗೆ ನಿಂತರು, ಕುಸ್ತಿಪಟು ಜೆಸ್ಸಿ ವೆಂಚುರಾ ಗೆದ್ದರು, ಹಂಫ್ರಿ ಮೂರನೆಯ ಸ್ಥಾನಕ್ಕೆ ಬಿದ್ದರು. ಮೆಟ್ಟಿಲೆಣಿಸುವವರ ಪುಸ್ತಕದಲ್ಲಿ ಇದು ಸೋತ ಬಾಳು. ಆ ಕಾಲದ ಅಟಾರ್ನಿ ಜನರಲ್‌ಗಳಲ್ಲಿ ಅತ್ಯಂತ ದೂರದೃಷ್ಟಿಯ ಕೆಲಸ ಮಾಡಿದವರು ಅವರೇ.

ಇಂಥ ದಾವೆಗಳ ವಿರುದ್ಧ ಎತ್ತುವ ಗಂಭೀರ ಆಕ್ಷೇಪ ಬೇರೆಯೇ ಇದೆ. ಸಿಗರೇಟಿನ ಬೆಲೆ ಎಷ್ಟಿರಬೇಕು, ಜಾಹೀರಾತು ಎಲ್ಲಿರಬೇಕು ಎಂದು ತೀರ್ಮಾನಿಸಬೇಕಾದ್ದು ಜನರ ಪ್ರತಿನಿಧಿಗಳ ಸಭೆ. ಅದನ್ನು ಹತ್ತು ಹನ್ನೆರಡು ವಕೀಲರು ಮುಚ್ಚಿದ ಕೋಣೆಯಲ್ಲಿ ಕುಳಿತು ಕಂಪನಿಗಳೊಡನೆ ಮಾತಾಡಿ ಇಡೀ ದೇಶಕ್ಕೆ ಅನ್ವಯಿಸಿದರೆ ಅದು ಹಿಂಬಾಗಿಲಿನ ಶಾಸನವಲ್ಲವೇ? ಈ ಆಕ್ಷೇಪದಲ್ಲಿ ಹುರುಳಿದೆ, ನಾನು ಅದನ್ನು ಹಗುರವಾಗಿ ತಳ್ಳಲಾರೆ. ಆದರೆ ಮುಂಬಾಗಿಲು ಆಗ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನೂ ನೋಡಬೇಕು. ಸರ್ಜನ್ ಜನರಲ್ ವರದಿ ಬಂದು 30 ವರ್ಷವಾದರೂ ಔಷಧ ಆಡಳಿತ ಸಂಸ್ಥೆಗೆ ಸಿಗರೇಟಿನ ಮೇಲೆ ಅಧಿಕಾರ ಕೊಡಲು ಕಾಂಗ್ರೆಸ್ಸು ಮನಸ್ಸು ಮಾಡಿರಲಿಲ್ಲ. ಆ ಕಾನೂನು ಕೊನೆಗೂ ಬಂದದ್ದು 2009ರ ಜೂನ್‌ನಲ್ಲಿ. ಶಾಸನಸಭೆಗಳು ಹಣವಂತರ ಮುಂದೆ ಬಾಯಿ ಕಟ್ಟಿಕೊಂಡು ಕೂತಿದ್ದಾಗ, ಜನರಿಂದಲೇ ಆರಿಸಿಬಂದ ಇನ್ನೊಬ್ಬ ಅಧಿಕಾರಿ ನ್ಯಾಯಾಲಯದ ಬಾಗಿಲು ತಟ್ಟಿದರೆ ಅದನ್ನು ಜನತಂತ್ರಕ್ಕೆ ಬಗೆದ ದ್ರೋಹವೆನ್ನಲಾಗದು. ಇನ್ನೊಂದು ಮಾತು. ನ್ಯಾಯಾಲಯಕ್ಕೆ ಹೋದವರು ಸಾಕ್ಷ್ಯ ಮುಂದಿಡಲೇಬೇಕು. ಕಂಪನಿಗಳ ಬೀರು ತೆರೆದದ್ದು ದಾವೆಯ ಈ ಕಡ್ಡಾಯದಿಂದ.

ಎರಡನೆಯ ಆಕ್ಷೇಪಕ್ಕೆ ನನ್ನಲ್ಲಿ ಅಷ್ಟು ನೆಮ್ಮದಿಯ ಉತ್ತರವಿಲ್ಲ. ಬಡ ರಾಜ್ಯವಾದ ಮಿಸಿಸಿಪ್ಪಿಗೆ ಈ ದಾವೆ ನಡೆಸುವಷ್ಟು ಹಣ ಇರಲಿಲ್ಲ. ಆದ್ದರಿಂದ ಮೂರ್ ಖಾಸಗಿ ವಕೀಲರನ್ನು ಕರೆತಂದರು. ಸೋತರೆ ಖರ್ಚು ವಕೀಲರದು, ಗೆದ್ದರೆ ಪಾಲು ಎಂಬ ಏರ್ಪಾಡು. ಗೆದ್ದರು, ಪಾಲು ಬಂತು. ಮಿಸಿಸಿಪ್ಪಿ, ಫ್ಲಾರಿಡಾ, ಟೆಕ್ಸಾಸ್ ಮೂರು ರಾಜ್ಯಗಳ ವಕೀಲರಿಗೆ 1998ರ ಡಿಸೆಂಬರಿನಲ್ಲಿ ಪಂಚಾಯ್ತಿದಾರರು ಗೊತ್ತುಮಾಡಿದ ಶುಲ್ಕ 820 ಕೋಟಿ ಡಾಲರ್. ಅದರ ಮುಂಚೂಣಿಯಲ್ಲಿದ್ದ ಸ್ಕ್ರಗ್ಸ್, ಮೂರ್ ಅವರ ಓದಿನ ದಿನಗಳ ಸಂಗಾತಿ. ಅವರೇ 2008ರಲ್ಲಿ ಬೇರೊಂದು ಪ್ರಕರಣದಲ್ಲಿ ನ್ಯಾಯಾಧೀಶರಿಗೆ ಲಂಚ ಕೊಡುವ ಸಂಚಿನ ಆರೋಪ ಒಪ್ಪಿಕೊಂಡು ಜೈಲಿಗೆ ಹೋದರು. ಟೆಕ್ಸಾಸಿನ ಅಟಾರ್ನಿ ಜನರಲ್ ಆಗಿದ್ದ ಡ್ಯಾನ್ ಮೊರಾಲೆಸ್ ಅವರದು ಇನ್ನೂ ಹೇಸಿಗೆಯ ಕಥೆ. ತಂಬಾಕು ರಾಜಿಯ ವಕೀಲ ಶುಲ್ಕದಲ್ಲಿ ಗೆಳೆಯನಿಗೆ ಪಾಲು ಕೊಡಿಸಲು ಮಾಡಿದ ವಂಚನೆಗೆ ಸಂಬಂಧಿಸಿ 2003ರಲ್ಲಿ ತಪ್ಪೊಪ್ಪಿಕೊಂಡು ನಾಲ್ಕು ವರ್ಷದ ಶಿಕ್ಷೆ ಪಡೆದರು. ಮೂರ್ ಮೇಲೆ ಅಂಥ ಆರೋಪವಿಲ್ಲ. ಆದರೂ, ಚುನಾವಣೆಗೆ ಹಣ ಬೇಕಿರುವ ಅಧಿಕಾರಿ ತಾನೇ ಆರಿಸಿದ ವಕೀಲರಿಗೆ ಇಂಥ ಗಳಿಕೆಯ ದಾರಿ ತೆರೆಯುವ ವ್ಯವಸ್ಥೆ ತನ್ನಷ್ಟಕ್ಕೆ ತಾನೇ ಕೊಳೆಯುವಂಥದ್ದು. ಹರಾಜಿನಂತೆ ಬಹಿರಂಗವಾಗಿ ವಕೀಲರನ್ನು ಆರಿಸುವ, ಶುಲ್ಕಕ್ಕೆ ಮೊದಲೇ ಮಿತಿ ಹಾಕುವ ನಿಯಮ ಆಗಲೇ ಇದ್ದಿದ್ದರೆ ಮೂರ್ ಅವರ ಗೆಲುವಿಗೆ ಈ ನೆರಳು ಬೀಳುತ್ತಿರಲಿಲ್ಲ.

ಮೂರನೆಯ ಟೀಕೆ ಒಪ್ಪಂದದ ಒಳಗಿನ ರಚನೆಯದು. ಕಂಪನಿಗಳು ವರ್ಷವರ್ಷ ತೆರುವ ಕಂತು ಸಿಗರೇಟಿನ ಮಾರಾಟಕ್ಕೆ ತಳುಕು ಹಾಕಿಕೊಂಡಿದೆ. ಮಾರಾಟ ಇಳಿದರೆ ಕಂತೂ ಇಳಿಯುತ್ತದೆ. ಮುಂದಿನ ಕಂತನ್ನು ಅಡವಿಟ್ಟು ಸಾಲ ಎತ್ತಿದ ರಾಜ್ಯಕ್ಕೆ ತನ್ನ ಪ್ರಜೆಗಳು ಸೇದುತ್ತಲೇ ಇರಲಿ ಎಂಬ ಆಸೆ ಹುಟ್ಟುವಂಥ ಏರ್ಪಾಡು ಇದು. ಈ ಟೀಕೆಗೆ ಎದುರಾಡಲು ನನಗೆ ಮನಸ್ಸಿಲ್ಲ. ಗೆದ್ದ ಮೊತ್ತ ದೊಡ್ಡದಾಗಿ ಕಾಣಬೇಕೆಂಬ ಆತುರದಲ್ಲಿ, ಆ ಮೊತ್ತ ಎಲ್ಲಿಂದ ಬರುತ್ತದೆ ಎಂಬುದನ್ನು ಅಟಾರ್ನಿ ಜನರಲ್‌ಗಳು ಗಮನಕ್ಕೆ ತಂದುಕೊಳ್ಳಲಿಲ್ಲ. ಪತ್ರಿಕಾಗೋಷ್ಠಿಯಲ್ಲಿ ಹೇಳಲು ಅಂಕಿ ಬೇಕು. ಮರುದಿನದ ಮುಖಪುಟಕ್ಕೆ ಹೋಗುವುದು ಅಂಕಿಯೇ ಹೊರತು ಷರತ್ತಲ್ಲ. ಚುನಾವಣೆಯ ಮೇಲೆ ಕಣ್ಣಿಟ್ಟ ಹುದ್ದೆಯ ಮೂಲ ದೌರ್ಬಲ್ಯ ಇಲ್ಲಿದೆ.

ಆ ದೌರ್ಬಲ್ಯ ಮುಂದಿನ ವರ್ಷಗಳಲ್ಲಿ ಇನ್ನೊಂದು ರೂಪ ತಾಳಿತು. ಮೂರ್ ಕಾಲದ ದಾವೆಗೆ ಡೆಮಾಕ್ರಟ್, ರಿಪಬ್ಲಿಕನ್ ಇಬ್ಬರೂ ಕೈಜೋಡಿಸಿದ್ದರು. ಈಚಿನ ದಶಕಗಳಲ್ಲಿ ಅಟಾರ್ನಿ ಜನರಲ್‌ಗಳು ಗುಂಪು ಕಟ್ಟಿಕೊಂಡು ಎದುರು ಪಕ್ಷದ ಅಧ್ಯಕ್ಷರ ಮೇಲೆ ದಾವೆ ಹೂಡುವುದು ಎರಡೂ ಕಡೆ ರೂಢಿಯಾಗಿದೆ. ಟೆಕ್ಸಾಸಿನ ಗ್ರೆಗ್ ಆಬಟ್ ಬೆಳಿಗ್ಗೆ ಕಚೇರಿಗೆ ಹೋಗಿ ಕೇಂದ್ರ ಸರ್ಕಾರದ ಮೇಲೆ ದಾವೆ ಹೂಡಿ ಸಂಜೆ ಮನೆಗೆ ಬರುವುದೇ ತನ್ನ ಕೆಲಸವೆಂದು ಹೆಮ್ಮೆಯಿಂದ ಹೇಳಿಕೊಂಡು ಗವರ್ನರ್ ಆದರು. ಅವರ ಉತ್ತರಾಧಿಕಾರಿ ಕೆನ್ ಪ್ಯಾಕ್ಸ್‌ಟನ್ 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಬೇರೆ ನಾಲ್ಕು ರಾಜ್ಯಗಳ ಫಲಿತಾಂಶವನ್ನು ತಡೆಯಲು ಸುಪ್ರೀಂ ಕೋರ್ಟಿಗೆ ಹೋದರು. ಡಿಸೆಂಬರ್ 11ರಂದು ಕೋರ್ಟು, ಬೇರೆ ರಾಜ್ಯದ ಚುನಾವಣೆಯನ್ನು ಪ್ರಶ್ನಿಸಲು ನಿಮಗೆ ಹಕ್ಕಿಲ್ಲವೆಂದು ಅದನ್ನು ಆಚೆಗಟ್ಟಿತು. ಮೂರ್ ಹೂಡಿದ್ದೂ ದಾವೆ, ಇದೂ ದಾವೆ, ಎರಡಕ್ಕೂ ಒಂದೇ ಅಧಿಕಾರದ ಬಲ. ಆದರೆ ಒಂದರಲ್ಲಿ ಕಂಪನಿಯೊಂದು ಮುಚ್ಚಿಟ್ಟಿದ್ದ ಸಾಕ್ಷ್ಯ ಹೊರಬಂತು, ಇನ್ನೊಂದರಲ್ಲಿ ತೋರಿಸಲು ಸಾಕ್ಷ್ಯವೇ ಇರಲಿಲ್ಲ. ಹುದ್ದೆಯನ್ನೇ ದೂರುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಹುದ್ದೆ ಬಿಟ್ಟ ಮೇಲೂ ಮೂರ್ ಈ ಕ್ಷೇತ್ರವನ್ನು ಬಿಡಲಿಲ್ಲ. 2015ರ ಡಿಸೆಂಬರಿನಲ್ಲಿ ಮಿಸಿಸಿಪ್ಪಿ ಓಪಿಯಾಯ್ಡ್ ನೋವುಗುಳಿಗೆ ತಯಾರಕರ ಮೇಲೆ ದಾವೆ ಹೂಡಿದಾಗ, ಅದರ ಹಿಂದೆ ಖಾಸಗಿ ವಕೀಲರಾಗಿ ಅವರೂ ಇದ್ದರು. 2022ರಲ್ಲಿ ಮೂರು ದೊಡ್ಡ ಔಷಧ ವಿತರಕರು ಮತ್ತು ಜಾನ್ಸನ್ ಅಂಡ್ ಜಾನ್ಸನ್ 2,600 ಕೋಟಿ ಡಾಲರ್ ಕೊಡಲು ಒಪ್ಪಿದರು. ಈ ಸಲ ರಾಜ್ಯಗಳ ಅಟಾರ್ನಿ ಜನರಲ್‌ಗಳು ತಂಬಾಕಿನ ಕಹಿಯನ್ನು ಮರೆತಿರಲಿಲ್ಲ. ಹಣದ ಶೇಕಡಾ 85ರಷ್ಟನ್ನಾದರೂ ಚಟದಿಂದಾದ ಹಾನಿಯನ್ನು ಸರಿಪಡಿಸಲು ಬಳಸಬೇಕೆಂಬ ಷರತ್ತು ಒಪ್ಪಂದದ ಒಳಗೇ ಬಂತು. ಕಾಗದಗಳ ಪಾಠವೂ ಉಳಿಯಿತು. ಓಪಿಯಾಯ್ಡ್ ಕಂಪನಿಗಳ ಒಳ ದಾಖಲೆಗಳನ್ನೂ ಸಾರ್ವಜನಿಕ ಸಂಗ್ರಹಕ್ಕೆ ಸೇರಿಸಲಾಗುತ್ತಿದೆ. ಇದನ್ನು ಮೂರ್ ಒಬ್ಬರ ಸಾಧನೆಯೆಂದು ಹೇಳುವಂತಿಲ್ಲ. ಆದರೆ 1998ರಲ್ಲಿ ಆಗಿಹೋದ ತಪ್ಪು ಅಷ್ಟು ದೊಡ್ಡದಾಗಿರದಿದ್ದರೆ 2022ರ ಷರತ್ತು ಅಷ್ಟು ಗಟ್ಟಿಯಾಗಿರುತ್ತಿರಲಿಲ್ಲ.

ಹೀಗಾಗಿ ಮೂರ್ ಬಗ್ಗೆ ನನ್ನ ತೀರ್ಮಾನ ಇದು. ದಾವೆ ಹೂಡುವ ಧೈರ್ಯದಲ್ಲಿ ಅವರಿಗೆ ಸಮನಾದ ಇನ್ನೊಬ್ಬ ಅಟಾರ್ನಿ ಜನರಲ್ ಆ ಕಾಲದಲ್ಲಿ ಇರಲಿಲ್ಲ. ರಾಜಿಯ ಮೇಜಿನಲ್ಲಿ ಅವರ ಕೈ ಸಡಿಲವಾಗಿತ್ತು. ಖಜಾನೆಯನ್ನು ಅತಿಯಾಗಿ ನಂಬಿದರು, ಗೆಳೆಯರನ್ನೂ ನಂಬಿದರು. ಅವರು ಗೆದ್ದು ತಂದ ಹಣದ ಬಹುಪಾಲು ಮಿಸಿಸಿಪ್ಪಿಯ ಆಸ್ಪತ್ರೆಗಳನ್ನು ಬಿಟ್ಟು ಬಜೆಟ್ಟಿನ ಕೊರತೆಗಳಿಗೆ ಹೋಯಿತು. ಅವರು ಶುರು ಮಾಡಿ ಹಂಫ್ರಿ ಮುಗಿಸಿದ ದಾಖಲೆಗಳ ಕೆಲಸ ಮಾತ್ರ ಇಂದಿಗೂ ನಿಂತಿದೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯ ಇರಿಸಿರುವ ಅಂತರ್ಜಾಲ ಸಂಗ್ರಹದಲ್ಲಿ ಒಂದು ಕೋಟಿಗೂ ಹೆಚ್ಚು ತಂಬಾಕು ದಾಖಲೆಗಳಿವೆ. ಯೀಮನ್ ಅವರ 1963ರ ಟಿಪ್ಪಣಿಯೂ ಅದರಲ್ಲಿದೆ. ಅದನ್ನು ಓದಲು ಯಾರೂ ಯಾರ ಅನುಮತಿಯನ್ನೂ ಕೇಳಬೇಕಿಲ್ಲ, ಹಣವನ್ನೂ ತೆರಬೇಕಿಲ್ಲ.